ಹಣೆಯ ಮೇಲಿನ ಟ್ಯೂಬ್‌ಲೈಟ್

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ, ಚಪ್ಪಲಿ ಅಂಗಡಿಯ ಮೇಲೆ
ಹನ್ನೊಂದು ಮೆಟ್ಟಿಲು ಹತ್ತಿದರೆ ಸ್ಟುಡಿಯೋ.
ಕೂತವರ ಗದ್ದ ಎತ್ತುವುದು,
ಕೂದಲು ಕಿವಿಯ ಹಿಂದೆ ಸರಿಸುವುದು,
ಹಣೆಯ ಮೇಲೆ ಬಿದ್ದ ಟ್ಯೂಬ್‌ಲೈಟನ್ನು
ಪೌಡರ್ ಒತ್ತಿ ಆರಿಸುವುದು ನನ್ನ ಕೆಲಸ.

ಮುಖ ಮಿಂಚಿದರೆ ಪಾಸ್‌ಪೋರ್ಟಿನವರು ವಾಪಸ್ ಕಳಿಸುತ್ತಾರೆ
ಅನ್ನುತ್ತಾರೆ ನಮ್ಮ ಸೇಠ್ ಕುಮುದ್‌ಭಾಯಿ.
ಸರ್ಕಾರಕ್ಕೆ ಬೇಕಾದದ್ದು ಬೆವರದ ಪ್ರಜೆ.

ಊರವರ ಮುಖ ಒರೆಸುವವಳ ಮುಖ ನೋಡಬೇಕು ನೀವು!
ತೊಳೆದುಕೊಂಡು ಟೆಂಭಿಪಾಡಾದ ಇಳಿಜಾರು ಇಳಿಯುವಷ್ಟರಲ್ಲಿ
ಮೂಗಿನ ಎರಡೂ ಬದಿ ಒಗ್ಗರಣೆ ಸೌಟು.
ಶಾಲೆಯಲ್ಲಿ ನನ್ನ ಹೆಸರು ಪೂರಿ.

ಅಮ್ಮನದು ಕಡಲೆಹಿಟ್ಟು, ಚಿಟಿಕೆ ಅರಿಸಿನ, ಹುಳಿಮೊಸರು.
ಭಜಿಗೂ ಅದೇ, ನನಗೂ ಅದೇ, ಕರಿಯುವುದೊಂದು ಬಾಕಿ.
ಎದುರು ಖೋಲಿಯ ಹಂಸಾಬೆನ್ನಳದು
ಮುಲ್ತಾನಿ ಮಿಟ್ಟಿ, ಗುಲಾಬಿ ನೀರು; ಒಣಗುವ ತನಕ ನಗಬಾರದು.
ಅಮ್ಮನಿಗೆ ನಾನು ಎದುರುತ್ತರ ಕೊಡದೆ ಕೂರುವುದು
ವಾರಕ್ಕೆ ಆ ಹದಿನೈದು ನಿಮಿಷ.
ನಿಂಬೆರಸ ಒಮ್ಮೆ ಮಾತ್ರ. ಉರಿ ತಾಳದೆ ನಲ್ಲಿಗೆ ಓಡಿದರೆ
ನಲ್ಲಿ ಬರೀ ಗಾಳಿ ಉಗುಳಿತು.
ಸೇತುವೆ ಕೆಳಗೆ ಮೀನು ಮಾರುವ ವತ್ಸಲಾ
ಬುಟ್ಟಿಯಿಂದ ಮಂಜುಗಡ್ಡೆಯ ಚೂರು ಆರಿಸಿ ಕೊಟ್ಟಳು, ಉಜ್ಜು ಅಂತ.
ಉಜ್ಜಿದೆ. ಕೆನ್ನೆ ಬಿಗಿಯಿತು. ಸಂಜೆವರೆಗೂ ಬಂಗುಡೆ.

ಎಲ್ಲದಕ್ಕೂ ಎರಡು ಗಂಟೆ ಆಯುಷ್ಯ.

ಜೂನ್ ಮೊದಲ ವಾರ, ಮಳೆ ಬರುತ್ತೇನೆಂದು ಬರದ ದಿನ
ನೀಲವ್ವ ಬಂದಳು.
ಗಂಡ ಗುರುಲಿಂಗ, ರಸ್ತೆ ಬದಿ ವಡಾಪಾವ್ ಗಾಡಿ, ಇಪ್ಪತ್ತೆರಡು ವರ್ಷ.
ತೀರಿಹೋಗಿ ಒಂಬತ್ತು ದಿನ.
ಮಗನ ಮೊಬೈಲಿನಲ್ಲಿ ಇದ್ದದ್ದೊಂದೇ ಫೋಟೋ,
ಬಾಣಲೆಯ ಮುಂದೆ, ಝಾರಾ ಹಿಡಿದು.
'ದೊಡ್ಡದು ಮಾಡ್ರಿ, ಗ್ವಾಡಿಗೆ ಹಾಕೂದೈತಿ.'

ಮಾಡಿದೆ. ಬಾಣಲೆ ಕತ್ತರಿಸಿದೆ, ಹೊಗೆ ಕತ್ತರಿಸಿದೆ,
ಹಿಂದೆ ನೀಲಿ ಆಕಾಶ ಇಟ್ಟೆ.
ಕಂಪ್ಯೂಟರಿನ ಬ್ರಷ್ ಹಿಡಿದು ಹಣೆ, ಮೂಗು, ಗದ್ದ
ಒಂದು ಗಂಟೆ ಒರೆಸಿದೆ.
ಅಷ್ಟು ಒಣಗಿದ ಮುಖ ನಾನು ಯಾರಿಗೂ ಕೊಟ್ಟಿರಲಿಲ್ಲ.
ಹೊಟ್ಟೆಕಿಚ್ಚೇ ಆಯಿತು.

ನೀಲವ್ವ ಫ್ರೇಮನ್ನು ಬಾಗಿಲ ಬೆಳಕಿಗೆ ಓರೆ ಹಿಡಿದಳು.
'ಯಾರಿವ್ರು?'
ನಿಮ್ಮವರೇ, ಅಂದೆ.
'ಅಲ್ರೀ. ನಮ್ಮಾಂವ ಹಿಂಗ ಇರಲಿಲ್ಲ.
ಜಳಕಾ ಮಾಡಿ ಬಂದ್ರೂ ಮಾರಿ ಮ್ಯಾಲೆ ದೀಪ ಕಾಣ್ತಿತ್ತು.
ತಲಿದಿಂಬು ತಂದು ತೋರಸ್ಲೇನು? ಒಗದ್ರೂ ಹೋಗವಲ್ದು.'

ಹಳೆಯದರ ಮೇಲೇ ಸೇವ್ ಮಾಡಿಬಿಟ್ಟಿದ್ದೆ.
ಮೊಬೈಲು ಮಗನ ಜೊತೆ ಅಕ್ಕಲಕೋಟೆಗೆ ಹೋಗಿ
ಅಲ್ಲಿ ಯಾವುದೋ ನೀರಿಗೆ ಬಿದ್ದಿತ್ತು.

ತೆಗೆಯುವುದನ್ನು ಕುಮುದ್‌ಭಾಯಿ ಕಲಿಸಿದ್ದರು,
ಹಾಕುವುದು ಅವರಿಗೂ ಗೊತ್ತಿರಲಿಲ್ಲ.
ಬಿಳಿ ಬಳಿದರೆ ವಿಭೂತಿಯಾಯಿತು,
ಇನ್ನಷ್ಟು ಬಳಿದರೆ ಜ್ವರ ಬಂದವನ ಹಾಗೆ.

ಮರುದಿನ ಮಧ್ಯಾಹ್ನ ಎರಡಕ್ಕೆ, ಫ್ಯಾನ್ ಆರಿಸಿ,
ನಾನೇ ಸ್ಟೂಲಿನ ಮೇಲೆ ಕೂತೆ, ನನ್ನ ಗದ್ದ ನಾನೇ ಎತ್ತಿದೆ.
ಪೌಡರಿಲ್ಲ, ಮಿಟ್ಟಿಯಿಲ್ಲ, ಬೆಳಗಿನಿಂದ ನೀರೂ ಸೋಕಿಸಿರಲಿಲ್ಲ.
ಕುಮುದ್‌ಭಾಯಿ ನಗದೆ ಕ್ಲಿಕ್ ಮಾಡಿದರು.
ನನ್ನ ಹಣೆಯಿಂದ ಬೆರಳಗಲ ಕತ್ತರಿಸಿ ಗುರುಲಿಂಗನ ಹಣೆಗಿಟ್ಟೆ,
ಮೂಗಿನ ತುದಿಯದನ್ನು ಮೂಗಿಗೆ.
ಕೂತಿತು.

ನೀಲವ್ವ ಏನೂ ಅನ್ನಲಿಲ್ಲ.
ಸೆರಗಿನ ತುದಿಯಿಂದ, ರೂಢಿಯಂತೆ,
ಗಾಜಿನ ಮೇಲೆ ಅವನ ಹಣೆ ಒಮ್ಮೆ ಒರೆಸಿದಳು.
ಹೋಗಲಿಲ್ಲ.
ನೂರರ ಎರಡು ನೋಟು, ಉಳಿದದ್ದು ಗಾಡಿಯ ಚಿಲ್ಲರೆ,
ಎಣಿಸಿದ ಮೇಲೆ ನನ್ನ ಬೆರಳೂ ಜಿಡ್ಡು.

ಈಗಲೂ ಭಾನುವಾರ ಮಿಟ್ಟಿ ಕಲಸುತ್ತೇನೆ, ಸುಳ್ಳೇಕೆ.
ಹಚ್ಚಿಕೊಂಡು ಕೂತಿದ್ದೇನೆ ನೋಡಿ, ನಗದೆ.
ನಾಲ್ಕು ಗಲ್ಲಿ ಆಚೆ ಯಾವುದೋ ಗೋಡೆಯ ಮೇಲೆ
ಊದಿನಕಡ್ಡಿಯ ಹೊಗೆಯೊಳಗೆ
ನನ್ನ ಮಧ್ಯಾಹ್ನದ ಎರಡು ಗಂಟೆ ಮಿನುಗುತ್ತಿರಬಹುದು.
ಅದನ್ನು ನೆನೆದದ್ದೇ ಬಾಯಿಯ ಅಂಚಿನಲ್ಲಿ ಮಣ್ಣು ಬಿರುಕು ಬಿಟ್ಟಿತು.

ಅಮ್ಮ ಕೂಗುತ್ತಾಳೆ:
ನೀರು ಹೋಗುತ್ತೆ, ಬೇಗ ತೊಳ್ಕೋ.